ವೈರಿಂಗ್ ಕಷ್ಟವೋ, ನಳದ ಕೆಲಸ ಕಷ್ಟವೋ?

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ರಾಯಚೂರು, ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆಯ ಪಾಲಕರು ಐಟಿಐ ಬಾಗಿಲಲ್ಲಿ ನಿಂತು ಕೇಳುವ ಮೊದಲ ಮಾತು, "ಎಲೆಕ್ಟ್ರಿಷಿಯನ್ ಸೀಟ್ ಸಿಗತದೇನ್ರಿ ಸರ್?" ಸಿಗದಿದ್ದರೆ ಫಿಟ್ಟರ್. ಪ್ಲಂಬರ್ ಟ್ರೇಡಿನ ಹೆಸರೆತ್ತಿದರೆ ಮುಖ ಸಪ್ಪಗಾಗುತ್ತದೆ. "ಪೈಪ್ ಕೊಯ್ದು ಸಲ್ಯೂಷನ್ ಹಚ್ಚೋದು ಕಲಿಯಾಕ ಸಾಲಿ ಯಾಕ ಬೇಕ್ರಿ?" ಸರ್ಕಾರದ ಲೆಕ್ಕವೂ ಈ ಮಾತಿಗೆ ತಾಳ ಹಾಕುವಂತೆಯೇ ಇದೆ. ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷ, ಪ್ಲಂಬರ್ 1 ವರ್ಷ. ವೈರಿಂಗ್ ಮಾಡುವವರಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇದೆ, ಹೊಸ ಮನೆಗೆ ವಿದ್ಯುತ್ ಕಂಪನಿ ಜೆಸ್ಕಾಂನ ಮೀಟರ್ ಕೂರಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರನ ಸಹಿ ಬೇಕು. ಬಚ್ಚಲಿನ ಗೋಡೆಯೊಳಗೆ ಪೈಪು ಹೂತವನು ಯಾರು ಎಂದು ಯಾರೂ ಕೇಳುವುದಿಲ್ಲ.

ಈ ಪತ್ರ ಬರೆಯುತ್ತಿರುವ ನಾವಿಬ್ಬರಲ್ಲಿ ಒಬ್ಬರು ವೈರಿಂಗ್ ಕಲಿಸಿದವರು, ಇನ್ನೊಬ್ಬರು ಪೈಪು ಕೆಲಸ ಕಲಿಸಿದವರು. ಯಾವುದು ಕಷ್ಟ ಎಂಬ ಜಗಳ ನಮ್ಮಲ್ಲೂ ಪೂರ್ತಿ ಬಗೆಹರಿದಿಲ್ಲ. ಆದರೆ ಒಂದು ಮಾತಿಗೆ ಇಬ್ಬರೂ ಬಂದು ನಿಂತಿದ್ದೇವೆ. ಕೆಲಸ ಎಷ್ಟು ಕಷ್ಟ ಎನ್ನುವುದನ್ನು ಕಲಿಕೆಯ ವರ್ಷದಿಂದ ಅಳೆಯುವುದಕ್ಕಿಂತ, ಅದರಲ್ಲಿ ಆದ ತಪ್ಪು ಯಾವಾಗ ಕಾಣುತ್ತದೆ, ಕಂಡ ಮೇಲೆ ಎಷ್ಟು ಒಡೆಯಬೇಕಾಗುತ್ತದೆ ಎಂಬುದರಿಂದ ಅಳೆಯುವುದು ಸರಿ.

ಮೊದಲು ಕರೆಂಟು. ಗೋಡೆ ಕೊರೆದು ಪೈಪು ಕೂರಿಸುವುದು, ಸ್ಪ್ರಿಂಗ್ ಹಾಕಿ ವೈರ್ ಎಳೆಯುವುದು, ಬೋರ್ಡ್ ಕಟ್ಟುವುದು, ಇವನ್ನೆಲ್ಲ ಚುರುಕು ಹುಡುಗ ಆರು ತಿಂಗಳಲ್ಲಿ ಕಲಿಯುತ್ತಾನೆ. ಲೈಟಿಗೆ 1.5 ಚದರ ಮಿ.ಮೀ., 16 ಆಂಪಿಯರ್ ಪ್ಲಗ್ಗಿಗೆ 2.5, ಎಸಿಗೆ 4 ಎಂದು ಬಾಯಿಪಾಠವೂ ಮಾಡುತ್ತಾನೆ. ಕಷ್ಟ ಶುರುವಾಗುವುದು ಕಣ್ಣಿಗೆ ಕಾಣದ್ದನ್ನು ತಲೆಯಲ್ಲಿ ಓಡಿಸಬೇಕಾದಾಗ. ಒಂದು ಉದಾಹರಣೆ ನೋಡಿ. ಮನೆಯಲ್ಲಿ ಫ್ಯಾನಿಲ್ಲ, ಲೈಟಿಲ್ಲ. ಪ್ಲಗ್ಗಿನ ತೂತಿಗೆ ಟೆಸ್ಟರ್ ಇಟ್ಟರೆ ಉರಿಯುತ್ತದೆ, ಪಕ್ಕದ ತೂತಿಗೆ ಇಟ್ಟರೂ ಉರಿಯುತ್ತದೆ. ಅರ್ಧ ಕಲಿತವನು "ಡಬಲ್ ಫೇಸ್ ಬಂದದ" ಎಂದು ಹೇಳಿ ಕಂಬದ ಕಡೆ ಕೈ ತೋರಿಸುತ್ತಾನೆ. ಆಗಿರುವುದು ಇಷ್ಟೇ: ನ್ಯೂಟ್ರಲ್, ಅಂದರೆ ಕರೆಂಟು ವಾಪಸಾಗುವ ವೈರ್, ಎಲ್ಲೋ ಕಡಿದಿದೆ. ಆನ್ ಇರುವ ಒಂದು ಬಲ್ಬಿನ ಮೂಲಕ ಫೇಸ್ (ಕರೆಂಟು ತರುವ ವೈರಿನ ವಿದ್ಯುತ್) ಹಾದು ನ್ಯೂಟ್ರಲ್ ವೈರಿಗೆ ಬಂದು ನಿಂತಿದೆ, ಮುಂದೆ ಹೋಗಲು ದಾರಿಯಿಲ್ಲ. ಎಲ್ಲ ಸ್ವಿಚ್ ಆಫ್ ಮಾಡಿ ಮತ್ತೆ ನೋಡಿದರೆ ಎರಡನೇ ತೂತಿನ ಬೆಳಕು ಆರುತ್ತದೆ, ಇಲ್ಲವೇ ಮಂಕಾಗುತ್ತದೆ. ಇದನ್ನು ಮೊದಲೇ ಊಹಿಸಬಲ್ಲವನು ಐದು ನಿಮಿಷದಲ್ಲಿ ಕಡಿದ ಜಾಗ ಹುಡುಕುತ್ತಾನೆ. ಊಹಿಸಲಾರದವನು ಸಂಜೆಯವರೆಗೆ ಬೋರ್ಡ್ ಬಿಚ್ಚುತ್ತ ಕೂರುತ್ತಾನೆ.

ಇದೇ ನ್ಯೂಟ್ರಲ್ ಬೀದಿಯ ಕಂಬದಲ್ಲೋ ಮೂರು ಫೇಸಿನ ಕಟ್ಟಡದ ಮೇನ್‌ನಲ್ಲೋ ಕಡಿದರೆ ಪರಿಣಾಮ ಬೇರೆ. ಒಂದು ಮನೆಗೆ 230 ವೋಲ್ಟ್ ಬದಲು 300, 350 ಹೋಗಬಹುದು, ಪಕ್ಕದ ಮನೆಯ ಲೈಟು ಅದೇ ಹೊತ್ತಿಗೆ ಮಂಕಾಗಿರುತ್ತದೆ. ಟಿವಿ, ಫ್ರಿಜ್ ಸುಟ್ಟ ಮೇಲೆ "ಹೈ ವೋಲ್ಟೇಜ್ ಬಂತು" ಎನ್ನುತ್ತೇವೆ. ಹಲವು ಸಲ ತಪ್ಪು ಲೈನಿನ ವೋಲ್ಟೇಜಿನದಲ್ಲ, ಸಡಿಲಾದ ನ್ಯೂಟ್ರಲ್‌ನದು.

ಸಡಿಲ ಸ್ಕ್ರೂ ಎಂದರೆ ಎಷ್ಟು ಶಾಖ ಎಂಬುದಕ್ಕೆ ಲೆಕ್ಕ ಬೇಕು. ಗೀಸರಿನ 10 ಆಂಪಿಯರ್ ಕರೆಂಟ್ ಅರ್ಧ ಓಮ್ ತಡೆಯಿರುವ ಸಡಿಲ ಜಾಗವನ್ನು ದಾಟಿದರೆ ಅಲ್ಲಿ 50 ವ್ಯಾಟ್ ಶಾಖ ಹುಟ್ಟುತ್ತದೆ. ಉಗುರಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಬೆಸುಗೆ ಕಡ್ಡಿ ಕಾಯಿಸಿಟ್ಟಂತೆ. ಸಾಕೆಟ್ ಹಳದಿಯಾಗಿ, ಆಮೇಲೆ ಕಪ್ಪಾಗುವುದು ಇದರಿಂದ. ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ ಎಂಸಿಬಿ ಇಲ್ಲಿ ಬೀಳುವುದಿಲ್ಲ, ಏಕೆಂದರೆ ಕರೆಂಟು ಹೆಚ್ಚಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಎಲೆಕ್ಟ್ರಿಷಿಯನ್‌ನ ನಿಜವಾದ ಪರೀಕ್ಷೆ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಏರ್ಪಾಡು. ಗುಂಡಿ ತೋಡಿ, ಎರಡೂವರೆ ಮೀಟರ್ ಜಿಐ ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಅಳೆದರೆ ಮೀಟರೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಎರಿಮಣ್ಣು (ಕಪ್ಪು ಮಣ್ಣು) ಅಂಗೈ ಹೋಗುವಷ್ಟು ಬಾಯಿಬಿಟ್ಟಾಗ ಅದೇ ಗುಂಡಿ 20 ಓಮ್ ತೋರಿಸಿದರೆ ಏನಾಗುತ್ತದೆ? ಗೀಸರಿನ ಅಥವಾ ಕೂಲರಿನ ಮೈಗೆ ಫೇಸ್ ತಾಗಿತು ಎನ್ನಿ. 230ನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿ ಅಷ್ಟಕ್ಕೆ ಅಲುಗಾಡುವುದಿಲ್ಲ. ಅರ್ತಿಂಗ್ ಇದೆ, ಎಂಸಿಬಿ ಇದೆ, ಆದರೂ ತಗಡಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದವರ ಮೈಯಲ್ಲಿ 200 ಮಿಲಿಆಂಪಿಯರ್‌ವರೆಗೂ ಹರಿಯಬಹುದು. ಅದಕ್ಕೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್, 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ ಬೇಕೇ ಬೇಕು. ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಬೇಕು, ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು.

ಕೂಲರಿನ ಮಾತು ಬಂದಿದ್ದಕ್ಕೆ ಇನ್ನೊಂದು. ಮಾರ್ಚಿನಲ್ಲಿ ಅಟ್ಟದಿಂದ ಕೂಲರ್ ಇಳಿಸಿ ನೇರ ಪ್ಲಗ್ಗಿಗೆ ಚುಚ್ಚುವುದು ನಮ್ಮ ರೂಢಿ. ಒಳಗಿನ ಪುಟ್ಟ ಪಂಪು ವರ್ಷವಿಡೀ ಒಣಗಿ ಬಿದ್ದಿದ್ದು, ಅದರ ವೈರಿನ ಹೊದಿಕೆ ಸೀಳಿರುತ್ತದೆ. ಮೂರು ಪಿನ್ನಿನ ಟಾಪ್ ಬದಲು ಎರಡು ಪಿನ್ನಿನದು ಹಾಕಿರುತ್ತಾರೆ. ಆರ್‌ಸಿಸಿಬಿ ಬಿದ್ದರೆ "ಇದು ಸುಮ್‌ಸುಮ್ನ ಬೀಳತದ" ಎಂದು ಅದನ್ನೇ ತೆಗೆಸುತ್ತಾರೆ. ತೆಗೆದುಕೊಡುವ ಎಲೆಕ್ಟ್ರಿಷಿಯನ್‌ಗಳೂ ಇದ್ದಾರೆ, ಇದನ್ನು ನಾಚಿಕೆಯಿಂದಲೇ ಬರೆಯಬೇಕು. ಸುಮ್ಮನೆ ಬೀಳುವುದಕ್ಕೂ ಕಾರಣ ಇರುತ್ತದೆ. ಎಷ್ಟೋ ಕಡೆ ವೈರಿಂಗ್ ಮಾಡಿದವನು ವೈರ್ ಉಳಿಸಲು ಎರಡು ಕೋಣೆಗೆ ಒಂದೇ ನ್ಯೂಟ್ರಲ್ ಎಳೆದಿರುತ್ತಾನೆ. ಆರ್‌ಸಿಸಿಬಿ ತನ್ನ ಮೂಲಕ ಹೋದದ್ದು, ಬಂದದ್ದು ಎರಡನ್ನೂ ತೂಗುತ್ತದೆ. ಹೋದ ಕರೆಂಟು ಬೇರೆ ದಾರಿಯಿಂದ ವಾಪಸಾದರೆ ಅದರ ಪಾಲಿಗೆ ಸೋರಿಕೆಯೇ. ಪಾಯಿಂಟ್ ಲೆಕ್ಕದಲ್ಲಿ ಕೂಲಿ ಕೊಟ್ಟಷ್ಟೂ ಈ ಕಳ್ಳ ನ್ಯೂಟ್ರಲ್ ಹೆಚ್ಚುತ್ತದೆ.

ಇಷ್ಟೆಲ್ಲ ಇದ್ದರೂ ವೈರಿಂಗ್ ಕೆಲಸಕ್ಕೆ ಎರಡು ಅನುಕೂಲಗಳಿವೆ. ಕರೆಂಟು ಕೊಡುವ ಮೊದಲೇ ತಪ್ಪನ್ನು ಅಳೆಯಬಹುದು ಎಂಬುದು ಒಂದು. 500 ವೋಲ್ಟಿನ ಮೆಗ್ಗರ್ ಹಚ್ಚಿ ಹ್ಯಾಂಡಲ್ ತಿರುಗಿಸಿದರೆ ವೈರಿನ ಹೊದಿಕೆ ಸರಿ ಇದೆಯೋ ಇಲ್ಲವೋ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಮುಂದೆ ಹೋಗುವಂತಿಲ್ಲ. ಕಂಟಿನ್ಯುಟಿ (ವೈರ್ ಎಲ್ಲೂ ಕಡಿದಿಲ್ಲವೇ), ಪೋಲಾರಿಟಿ (ಫೇಸ್, ನ್ಯೂಟ್ರಲ್ ಅದಲುಬದಲಾಗಿಲ್ಲವೇ), ಅರ್ತ್ ಎಲ್ಲಕ್ಕೂ ಮೀಟರ್ ಇದೆ. ಇನ್ನೊಂದು, ಸುಟ್ಟ ವೈರನ್ನು ಪೈಪಿನೊಳಗಿಂದ ಎಳೆದು ಹೊಸದನ್ನು ತೂರಿಸಬಹುದು, ಗೋಡೆ ಮುಟ್ಟಬೇಕಾಗಿಲ್ಲ. ಸ್ಲ್ಯಾಬ್ ಹಾಕುವ ದಿನ ಗೌಂಡಿಯ ಕಾಲಿಗೆ ಸಿಕ್ಕು ಪೈಪು ಅಪ್ಪಚ್ಚಿಯಾಗಿದ್ದರೆ, ಜಾಯಿಂಟಿನಲ್ಲಿ ಸಿಮೆಂಟಿನ ಹಾಲು ಇಳಿದು ಗಟ್ಟಿಯಾಗಿದ್ದರೆ ಮಾತ್ರ ಫಜೀತಿ. ಅದಕ್ಕೇ ಕಾಂಕ್ರೀಟ್ ಬೀಳುವ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್ ಅಲ್ಲಿ ಖುದ್ದು ನಿಂತಿರಬೇಕು, 42 ಡಿಗ್ರಿ ಬಿಸಿಲಿದ್ದರೂ.

ಇನ್ನು ನೀರಿನ ಕೆಲಸ. ಎರಡು ಬಚ್ಚಲು, ಒಂದು ಅಡುಗೆಮನೆ ಇರುವ ಸಾಧಾರಣ ಮನೆಯಲ್ಲಿ ನೂರಕ್ಕೂ ಹೆಚ್ಚು ಜಾಯಿಂಟ್ ಇರುತ್ತವೆ. ಬಹುಪಾಲು ಟೈಲ್ಸ್ ಹಿಂದೆ. ತೊಂಬತ್ತೊಂಬತ್ತು ಸರಿಯಿದ್ದು ಒಂದು ಜಿನುಗಿದರೆ ಸಾಕು. ಗೃಹಪ್ರವೇಶದ ದಿನ ಏನೂ ಕಾಣುವುದಿಲ್ಲ. ಆರು ತಿಂಗಳ ಮೇಲೆ ಪಕ್ಕದ ಮಲಗುವ ಕೋಣೆಯ ಗೋಡೆಯಲ್ಲಿ ಸುಣ್ಣ ಉಬ್ಬುತ್ತದೆ. ಬಚ್ಚಲಿನ ನೆಲವನ್ನು ತಗ್ಗಿಸಿ ಇಟ್ಟಂಗಿ ಚೂರು ತುಂಬಿದ್ದರೆ ಇನ್ನೂ ಕೆಟ್ಟದ್ದು. ಆ ತಗ್ಗು ತೊಟ್ಟಿಯಂತೆ ನೀರು ತುಂಬಿಕೊಂಡು, ಸೋರಿದ ಜಾಗಕ್ಕೂ ನೀರು ಕಾಣುವ ಜಾಗಕ್ಕೂ ಸಂಬಂಧವೇ ಇರದಂತೆ ಎಲ್ಲೋ ಹೊರಬರುತ್ತದೆ. ಒಡೆಯುವುದು ಎಲ್ಲಿ?

"ಪೈಪ್ ಕೊಯ್ದು ಸಲ್ಯೂಷನ್ (ಪೈಪಿನ ಅಂಟು) ಹಚ್ಚೋದು" ಎಂದರೆ ಏನೆಂದು ಹತ್ತಿರದಿಂದ ನೋಡೋಣ. ಪೈಪನ್ನು ನೇರಕ್ಕೆ ನೇರ ಕೊಯ್ಯಬೇಕು, ಓರೆಯಾದರೆ ಸಾಕೆಟ್ಟಿನ (ಪೈಪು ತೂರುವ ಫಿಟ್ಟಿಂಗಿನ ಬಾಯಿಯ) ತಳಕ್ಕೆ ಒಂದು ಬದಿ ಮಾತ್ರ ಮುಟ್ಟುತ್ತದೆ. ಕೊಯ್ದ ಅಂಚಿನ ಗರಿಯನ್ನು ಒಳಗೂ ಹೊರಗೂ ಕೆರೆಯಬೇಕು, ಇಲ್ಲದಿದ್ದರೆ ಆ ಗರಿಯೇ ಹಚ್ಚಿದ ಸಲ್ಯೂಷನ್ನನ್ನು ಒಳಕ್ಕೆ ದೂಡಿಕೊಂಡು ಹೋಗುತ್ತದೆ. ಸಲ್ಯೂಷನ್ ಹಚ್ಚುವ ಮೊದಲು ಒಮ್ಮೆ ತೂರಿಸಿ ನೋಡಬೇಕು, ಅರ್ಧದಷ್ಟು ಹೋಗಿ ಬಿಗಿಯಬೇಕು. ಸಲೀಸಾಗಿ ತಳ ಮುಟ್ಟಿದರೆ ಆ ಫಿಟ್ಟಿಂಗ್ ಸಡಿಲ, ಬೇರೆ ತೆಗೆದುಕೊಳ್ಳಬೇಕು. ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಪೆನ್ಸಿಲ್ ಗುರುತು. ಪೈಪಿಗೆ ಧಾರಾಳ, ಸಾಕೆಟ್ಟಿಗೆ ತೆಳುವಾಗಿ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಗುರುತಿನವರೆಗೆ ಒತ್ತಿ, ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಬಿಟ್ಟರೆ ಪೈಪು ತಾನಾಗಿ ಹಿಂದೆ ಸರಿಯುತ್ತದೆ. ಈ ಹಿಂದೆ ಸರಿದ ಜಾಯಿಂಟೇ ಮುಂದೆ ಜಿನುಗುವುದು.

ಈಗ ಇದಕ್ಕೆ ರಾಯಚೂರಿನ ಬಿಸಿಲು ಸೇರಿಸಿ. ಮಾಳಿಗೆಯ ಮೇಲೆ ಬಿದ್ದ ಪೈಪು ಕೈಗೆ ಸುಡುತ್ತಿರುತ್ತದೆ. ಹಚ್ಚಿದ ಸಲ್ಯೂಷನ್ ಸಾಕೆಟ್ ಮುಟ್ಟುವ ಮುಂಚೆಯೇ ಒಣಗಿ ಪೊರೆ ಕಟ್ಟುತ್ತದೆ. ಪೊರೆ ಕಟ್ಟಿದ್ದು ಅಂಟಿದಂತೆ ಕಾಣುತ್ತದೆ, ಅಂಟಿರುವುದಿಲ್ಲ. ಪೈಪು, ಫಿಟ್ಟಿಂಗ್ ಎರಡನ್ನೂ ನೆರಳಲ್ಲಿಟ್ಟು, ಮುಂಜಾನೆ ಹತ್ತರೊಳಗೆ ಮಾಳಿಗೆಯ ಕೆಲಸ ಮುಗಿಸಿಕೊಳ್ಳುವವನೇ ಕೆಲಸ ಬಲ್ಲವನು. ಡಬ್ಬಿಯೊಳಗಿನ ಸಲ್ಯೂಷನ್ ಬೆಲ್ಲದ ಪಾಕದಂತೆ ಎಳೆ ಬಂದರೆ ಬಿಸಾಡಬೇಕು, ಥಿನ್ನರ್ ಸೇರಿಸಿ ತೆಳು ಮಾಡಬಾರದು. ಬಿಸಿನೀರು ತಡೆಯುವ ಸಿಪಿವಿಸಿ ಪೈಪಿಗೆ ಅದರದೇ ಸಲ್ಯೂಷನ್, ತಣ್ಣೀರಿನ ಬಿಳಿ ಯುಪಿವಿಸಿ ಪೈಪಿಗೆ ಅದರದೇ. ಒಂದೇ ಡಬ್ಬಿಯಲ್ಲಿ ಎರಡನ್ನೂ ಮುಗಿಸಿದ ಮನೆಗಳು ಎಷ್ಟೋ.

ಸೋಲಾರ್ ಇರುವ ಮನೆಗಳಲ್ಲಿ ಇನ್ನೊಂದು ಲೆಕ್ಕ. ನಮ್ಮ ಬಿಸಿಲಿಗೆ ನೀರು 70 ಡಿಗ್ರಿ ದಾಟುವುದು ಸಾಮಾನ್ಯ. ಯುಪಿವಿಸಿ 60ರ ಹೊತ್ತಿಗೇ ಮೆತ್ತಗಾಗಿ ಜೋತುಬೀಳುತ್ತದೆ, ಹಾಗಾಗಿ ಬಿಸಿನೀರಿಗೆ ಸಿಪಿವಿಸಿಯೇ ಬೇಕು. ಸಿಪಿವಿಸಿ ಕೂಡ ಹಿಗ್ಗುತ್ತದೆ. ಹತ್ತು ಮೀಟರ್ ನೇರ ಪೈಪು 40 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 25 ಮಿ.ಮೀ., ಅಂದರೆ ಒಂದು ಇಂಚು ಉದ್ದವಾಗುತ್ತದೆ. ರಾತ್ರಿ ಮತ್ತೆ ಕುಗ್ಗುತ್ತದೆ. ಎರಡೂ ತುದಿಯನ್ನು ಗೋಡೆಗೆ ಬಿಗಿದು ಕ್ಲ್ಯಾಂಪ್ ಹೊಡೆದಿದ್ದರೆ ಆ ಒಂದು ಇಂಚು ಎಲ್ಲಿಗೆ ಹೋಗಬೇಕು? ದಿನವೂ ತಳ್ಳಿ ಎಳೆದು ಕೊನೆಗೊಂದು ದಿನ ಎಲ್ಬೋ (ಪೈಪು ತಿರುಗಿಸುವ ಮೂಲೆಯ ಫಿಟ್ಟಿಂಗ್) ಸೀಳುತ್ತದೆ. ನಾಲ್ಕು ಎಲ್ಬೋ ಹಾಕಿ ಪೈಪಿಗೆ ಒಂದು ಬಾಗು ಕೊಟ್ಟು, ಕ್ಲ್ಯಾಂಪನ್ನು ಸಡಿಲ ಇಟ್ಟರೆ ಆ ಕಾಟವಿಲ್ಲ. ನಾಲ್ಕು ಎಲ್ಬೋ ಹೆಚ್ಚಾಯಿತೆಂದು ಮನೆಯವರು ಜಗಳ ತೆಗೆಯುವುದೂ ಉಂಟು.

ಎಲೆಕ್ಟ್ರಿಷಿಯನ್‌ಗೆ ಇಲ್ಲದ ಇನ್ನೊಂದು ಹೊರೆ ಪ್ಲಂಬರ್ ಮೇಲಿದೆ. ಆತ ಇನ್ನೂ ಹುಟ್ಟದ ಗೋಡೆಗೆ ಅಳತೆ ಹಿಡಿಯಬೇಕು. ಮಿಕ್ಸರ್ ನಳದ ಬಿಸಿ, ತಣ್ಣೀರಿನ ಎರಡು ಬ್ರಾಸ್ ಎಲ್ಬೋಗಳ ನಡುವೆ ಮಧ್ಯದಿಂದ ಮಧ್ಯಕ್ಕೆ 150 ಮಿ.ಮೀ. ಇರಬೇಕು, ಎರಡೂ ಒಂದೇ ಮಟ್ಟದಲ್ಲಿರಬೇಕು. ಜೊತೆಗೆ ಅವುಗಳ ಬಾಯಿ ಟೈಲ್ಸಿನ ಮುಖಕ್ಕೆ ಸಮನಾಗಿ ಬಂದು ನಿಲ್ಲಬೇಕು. ಆದರೆ ಎಲ್ಬೋ ಕೂರಿಸುವ ದಿನ ಅಲ್ಲಿ ಟೈಲ್ಸೂ ಇಲ್ಲ, ಗಿಲಾವೂ ಇಲ್ಲ, ಬರೀ ಇಟ್ಟಂಗಿ. ಗಿಲಾವು 12 ಮಿ.ಮೀ.ಯೋ 20ಓ ಎಂಬುದು ಗೌಂಡಿಯ ಕೈಯಲ್ಲಿ, ಟೈಲ್ಸಿನ ದಪ್ಪ ಮನೆಯೊಡತಿ ಇನ್ನೂ ಆರಿಸಬೇಕಾದ ಅಂಗಡಿಯಲ್ಲಿ. ಕಮೋಡಿನದೂ ಇದೇ ಕತೆ. ಗೋಡೆಗೆ ಹೋಗುವ ಪಿ ಟ್ರ್ಯಾಪ್ ಆದರೆ ಮುಗಿದ ನೆಲದಿಂದ ಸಾಮಾನ್ಯವಾಗಿ 180 ಮಿ.ಮೀ. ಎತ್ತರಕ್ಕೆ ಪೈಪಿನ ಮಧ್ಯ ಬರಬೇಕು. ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪ್ ಆದರೆ ಮುಗಿದ ಗೋಡೆಯಿಂದ 9 ಇಂಚೋ 12 ಇಂಚೋ ಎಂಬುದು ಮಾಡೆಲ್ ಮೇಲೆ. ಕಮೋಡ್ ಆರಿಸುವ ಮೊದಲೇ ಪೈಪು ಹಾಕಿಸಿ, ಆಮೇಲೆ ಚಂದ ಕಂಡದ್ದನ್ನು ತಂದು "ಕೂಡಿಸು" ಎಂದರೆ ಪ್ಲಂಬರ್ ಹೊಸ ನೆಲ ಅಗೆಯದೆ ಇನ್ನೇನು ಮಾಡಿಯಾನು?

ಹೊರಹೋಗುವ ನೀರಿಗೆ ಇಳಿಜಾರಿನ ಶಿಸ್ತು. 110 ಮಿ.ಮೀ. ಪೈಪಿಗೆ 40ಕ್ಕೆ 1ರಿಂದ 60ಕ್ಕೆ 1. ಮೂರು ಮೀಟರ್ ಉದ್ದಕ್ಕೆ ಐದರಿಂದ ಏಳೂವರೆ ಸೆಂ.ಮೀ. ಇಳಿತ ಸಾಕು. ಕಡಿಮೆಯಾದರೆ ಕಟ್ಟುತ್ತದೆ. ವಿಪರೀತ ಹೆಚ್ಚಾದರೆ ನೀರು ಓಡಿಹೋಗಿ ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಅಂಗಳದಲ್ಲಿ ಎರಿಮಣ್ಣು ಇದ್ದರೆ ಮತ್ತೊಂದು ತೊಡಕು: ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುವ ಆ ಮಣ್ಣು ಪೈಪನ್ನು ಎತ್ತಿ ಇಳಿಸುತ್ತಲೇ ಇರುತ್ತದೆ. ಇಳಿಜಾರು ತಿರುವುಮುರುವಾಗಿ, ಚೇಂಬರಿನ ಹತ್ತಿರದ ಜಾಯಿಂಟ್ ಬಿಡುತ್ತದೆ. ಎರಿಮಣ್ಣನ್ನು ಪೈಪಿನ ಅಡಿಯಲ್ಲೂ ಬದಿಯಲ್ಲೂ ತೆಗೆದು ಅರ್ಧ ಅಡಿ ಮರಳು ಇಲ್ಲವೇ ಗರಸು ತುಂಬಿಯೇ ಪೈಪು ಮಲಗಿಸಬೇಕು. ಬೇರೆ ಊರಿನ ಪುಸ್ತಕದಲ್ಲಿ ಈ ಮಾತು ಇರಲಿಕ್ಕಿಲ್ಲ, ನಮ್ಮಲ್ಲಿ ಇದೇ ಮೊದಲ ಪಾಠ. ಬಳಸದ ಬಚ್ಚಲು ನಾರುತ್ತದೆ ಎಂಬ ದೂರಿಗೆ ಮಾತ್ರ ಪ್ಲಂಬರನ್ನು ಕರೆಯಬೇಡಿ. ಬಚ್ಚಲಿನ ನೆಲದ ಜಾಲರಿಯಡಿಯ ನಹಾನಿ ಟ್ರ್ಯಾಪಿನಲ್ಲಿ ನಾತ ತಡೆದು ನಿಲ್ಲುವ 50 ಮಿ.ಮೀ. ನೀರು ಬೇಸಿಗೆಗೆ ಆರಿಹೋಗಿರುತ್ತದೆ. ಎರಡು ಚೊಂಬು ನೀರು ಸುರಿದರೆ ಮುಗಿಯಿತು.

ಶವರಿನಲ್ಲಿ ನೀರು ಜೋರಾಗಿ ಬರುತ್ತಿಲ್ಲ ಎಂಬುದು ಪ್ರತಿ ಮನೆಯ ದೂರು. ಹತ್ತು ಮೀಟರ್ ಎತ್ತರದ ನೀರಿಗೆ ಚದರ ಸೆಂ.ಮೀ.ಗೆ ಒಂದು ಕೆಜಿ ಒತ್ತಡ. ಮಾಳಿಗೆಯ ಟ್ಯಾಂಕಿನ ತಳ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಕೆಜಿ ಮಾತ್ರ. ಅಷ್ಟರಲ್ಲೇ ಪ್ರತಿ ಎಲ್ಬೋ ಅರ್ಧ, ಮುಕ್ಕಾಲು ಮೀಟರ್ ಪೈಪಿನಷ್ಟು ತಡೆ ಒಡ್ಡುತ್ತದೆ. ಟ್ಯಾಂಕಿನಿಂದಲೇ ಮುಕ್ಕಾಲು ಇಂಚಿನ ಪೈಪು ಇಳಿಸಿದರೆ ಒಬ್ಬರು ಪಾತ್ರೆ ತೊಳೆಯುವಾಗ ಇನ್ನೊಬ್ಬರ ಶವರ್ ನಿಲ್ಲುತ್ತದೆ. ಒಂದೂಕಾಲು, ಒಂದೂವರೆ ಇಂಚಿನಲ್ಲಿ ಇಳಿಸಿ, ಕೊನೆಗೆ ನಳದ ಹತ್ತಿರ ಸಣ್ಣದು ಮಾಡಬೇಕು. ಟ್ಯಾಂಕಿನಿಂದ ಹೊರಟ ಪೈಪನ್ನು ಪ್ಯಾರಾಪೆಟ್ ಮೇಲೆ ಏರಿಸಿ ಮತ್ತೆ ಇಳಿಸಿದರೆ ಆ ಗುಡ್ಡದಲ್ಲಿ ಗಾಳಿ ಕಟ್ಟುತ್ತದೆ, ಟ್ಯಾಂಕು ಖಾಲಿಯಾಗಿ ತುಂಬಿದಾಗಲೆಲ್ಲ ನಳ ಬುಸುಗುಡುತ್ತದೆ. ಟ್ಯಾಂಕಿನ ಬಾಯಿಗಿಂತ ಎತ್ತರಕ್ಕೆ ಒಂದು ಗಾಳಿ ಪೈಪು ನಿಲ್ಲಿಸುವುದು ಇದಕ್ಕೆ ಮದ್ದು.

ನಳಕ್ಕೆ ದಿನವೂ ನೀರು ಬಾರದ ಊರು ನಮ್ಮದು. ನೀರು ಬಿಟ್ಟಾಗ ಒತ್ತಡ, ನಿಲ್ಲಿಸಿದಾಗ ಬೀದಿಯ ಪೈಪಿನಲ್ಲಿ ಬರೀ ಗಾಳಿ, ಕೆಲವೊಮ್ಮೆ ಒಳಕ್ಕೆಳೆಯುವ ನಿರ್ವಾತ. ಮನೆಗೆ ಬರುವ ಸಂಪರ್ಕದ ಪೈಪು ಚರಂಡಿಯೊಳಗಿಂದ ಹಾದು ಅಲ್ಲೊಂದು ಬಿರುಕಿದ್ದರೆ ಆ ಹೊತ್ತಿಗೆ ಚರಂಡಿಯ ನೀರೇ ಒಳಗೆ. ಬೀದಿ ಲೈನಿಗೆ ನೇರ ಮೋಟಾರ್ ಕೂರಿಸಿ ಎಳೆಯುವವರು ಈ ಹೀರುವಿಕೆಯನ್ನು ಹತ್ತು ಪಟ್ಟು ಮಾಡುತ್ತಾರೆ, ತಮ್ಮ ಮನೆಗಷ್ಟೇ ಅಲ್ಲ, ಓಣಿಗೆಲ್ಲ. 2022ರ ಬೇಸಿಗೆಯಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜೀವಗಳು ಹೋದದ್ದನ್ನು ಯಾರೂ ಮರೆತಿಲ್ಲ. ಆಗ ಬೆರಳು ತಿರುಗಿದ್ದು ಶುದ್ಧೀಕರಣದ ಕಡೆಗೆ. ಆದರೆ ಶುದ್ಧವಾಗಿಯೇ ಹೊರಟ ನೀರನ್ನೂ ಮನೆಯ ಹೊಸ್ತಿಲಲ್ಲಿ ಕೆಡಿಸುವ ಶಕ್ತಿ ಒಂದು ಕೆಟ್ಟ ಜಾಯಿಂಟಿಗೆ ಇದೆ. ಸಂಪರ್ಕದ ಪೈಪು ಚರಂಡಿಗಿಂತ ಮೇಲೆ, ಇನ್ನೊಂದು ದೊಡ್ಡ ಪೈಪಿನ ಕವಚದೊಳಗೆ ಹಾಯಬೇಕು. ಇಷ್ಟು ಗೊತ್ತಿರಬೇಕಾದವನಿಗೆ ಒಂದು ವರ್ಷದ ಪಾಠ ಸಾಕು, ಪರ್ಮಿಟ್ ಬೇಡ ಎಂದರೆ ಹೇಗೆ?

ಎರಡೂ ಕಸುಬು ಮುಖಾಮುಖಿಯಾಗುವುದು ಸಂಪಿನ ಮೋಟಾರಿನ ಮುಂದೆ. ಮೋಟಾರ್ ತಿರುಗುತ್ತಿದೆ, ನೀರು ಏರುತ್ತಿಲ್ಲ. ಎಲೆಕ್ಟ್ರಿಷಿಯನ್ ಹೀರುವ ಪೈಪಿನ ತುದಿಯಲ್ಲಿ ನೀರು ಹಿಡಿದಿಡುವ ಫುಟ್ ವಾಲ್ವ್ ಕೆಟ್ಟಿದೆ ಎನ್ನುತ್ತಾನೆ, ಪ್ಲಂಬರ್ ಮೋಟಾರಿಗೆ ಕಸುವಿಲ್ಲ ಎನ್ನುತ್ತಾನೆ. ಮನೆಯವರು ಇಬ್ಬರಿಗೂ ದುಡ್ಡು ಕೊಡುತ್ತಾರೆ. ಬಗೆಹರಿಸುವುದು ಸುಲಭ. ಪಂಪಿನ ಬಾಯಿಗೆ ನೀರು ಹೊಯ್ದು ನೋಡಿ. ನೀರು ಸರ್ರನೆ ಇಳಿದುಹೋದರೆ ಫುಟ್ ವಾಲ್ವ್ ಹಿಡಿಯುತ್ತಿಲ್ಲ. ನಿಂತಿದೆ, ಆದರೂ ಎಳೆಯುತ್ತಿಲ್ಲ ಎಂದರೆ ಹೀರುವ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೇ ಸಂಪಿನ ನೀರು ತೀರ ಕೆಳಗಿಳಿದಿದೆ. ಪುಸ್ತಕದ ಪ್ರಕಾರ ಹತ್ತು ಮೀಟರ್ ಆಳದಿಂದ ಹೀರಬೇಕು, ವಾಸ್ತವದಲ್ಲಿ ಆರೇಳು ಮೀಟರ್ ದಾಟಿದರೆ ಆಸೆ ಬಿಡಬೇಕು. ಮೋಟಾರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದರೆ ಮೊದಲು ಕೆಪಾಸಿಟರ್ ನೋಡಬೇಕು. ಮೂರು ಫೇಸಿನ ಮೋಟಾರ್ ಲೈನ್ ರಿಪೇರಿಯ ಮರುದಿನ ನೀರು ಎತ್ತದಿದ್ದರೆ ಅದು ಉಲ್ಟಾ ತಿರುಗುತ್ತಿದೆ, ಎರಡು ಫೇಸ್ ಅದಲುಬದಲು ಮಾಡಿದರೆ ಸರಿ. ವೈರಿಗೆ ತೊಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಚೊಕ್ಕ: 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ನೀರೆತ್ತುವಾಗ ಸುಮಾರು 5ರಿಂದ 6 ಆಂಪಿಯರ್ ಎಳೆಯುತ್ತದೆ. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಒಣಗಿ ಓಡುತ್ತಿದೆ, ವೋಲ್ಟೇಜ್ ಬಿದ್ದು ಆಂಪಿಯರ್ ಏರಿದ್ದರೆ ಕಾಯಿಲ್ ಸುಡುವ ದಾರಿಯಲ್ಲಿದೆ.

ಗೀಸರಿನದೂ ಇಬ್ಬರ ಪಾಲು. ನಮ್ಮ ಬೋರಿನ ಗಡಸು ನೀರಿಗೆ ಕಾಯಿಲಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಶಾಖ ನೀರಿಗೆ ಹೋಗದೆ ಒಳಗೇ ಕುದಿದು ಕೊಳವೆ ಸೀಳುತ್ತದೆ, ಕರೆಂಟು ನೀರಿಗಿಳಿಯುತ್ತದೆ. ಎಲೆಕ್ಟ್ರಿಷಿಯನ್ ಕಾಯಿಲ್ ಬದಲಿಸುತ್ತಾನೆ, ವರ್ಷದೊಳಗೆ ಮತ್ತದೇ. ವರ್ಷಕ್ಕೊಮ್ಮೆ ಬಿಚ್ಚಿ ಸುಣ್ಣ ಕೆರೆಸುವುದು, ಟ್ಯಾಂಕು ತುಕ್ಕು ಹಿಡಿಯದಂತೆ ಒಳಗಿಟ್ಟ ಮೆಗ್ನೀಷಿಯಂ ಕಡ್ಡಿ ಕರಗಿದೆಯೇ ನೋಡುವುದು ಯಾರ ಕೆಲಸ ಎಂಬುದು ತೀರ್ಮಾನವಾಗದೆ ಉಳಿದಿದೆ. ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆಂದು ಅದಕ್ಕೆ ಬಿರಡೆ ಬಡಿಯುವವರು ಮಾತ್ರ ಬಾಂಬ್ ಪಕ್ಕದಲ್ಲಿ ಸ್ನಾನ ಮಾಡುತ್ತಿದ್ದಾರೆಂದು ತಿಳಿಯಲಿ.

ಅಪಾಯದ ತಕ್ಕಡಿಯಲ್ಲಿ ಕರೆಂಟೇ ತೂಕ ಎಂಬುದು ನಿಜ. ಅದು ಎರಡನೇ ಅವಕಾಶ ಕೊಡುವುದಿಲ್ಲ. ಮೇನ್ ಆಫ್ ಮಾಡಿ, ಆಫ್ ಆಗಿದೆ ಎಂದು ಟೆಸ್ಟರಿನಲ್ಲಿ ನೋಡಿ, ಆ ಟೆಸ್ಟರ್ ಕೆಟ್ಟಿಲ್ಲವೆಂದು ಬೇರೆ ಜೀವಂತ ಪ್ಲಗ್ಗಿನಲ್ಲಿ ಪರೀಕ್ಷಿಸಿ ಆಮೇಲೆ ಕೈ ಹಾಕು ಎಂಬುದನ್ನು ಎರಡು ವರ್ಷ ತಿದ್ದಿ ಹೇಳಿಕೊಡುತ್ತಿದ್ದೆವು. ಆದರೆ ನೀರಿನ ಕೆಲಸದಲ್ಲಿ ಸಾವಿಲ್ಲ ಎಂದುಕೊಂಡವರು ಹೊಸ ಸಂಪಿನ ಸೆಂಟ್ರಿಂಗ್ (ಕಾಂಕ್ರೀಟಿಗೆ ಆಧಾರ ಕೊಟ್ಟ ಹಲಗೆ) ಬಿಚ್ಚಲು ಇಳಿದವರನ್ನು ನೆನೆಯಬೇಕು. ಬಾಯಿ ಮುಚ್ಚಿದ ಸಂಪಿನಲ್ಲಿ ಹಸಿ ಹಲಗೆ ಕೊಳೆತು ಆಮ್ಲಜನಕ ಹೀರಿಕೊಂಡಿರುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಇಳಿದವನು ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ಮುಚ್ಚಳ ತೆಗೆದು ಒಂದು ದಿನ ಬಿಡಬೇಕು, ಫ್ಯಾನಿನಿಂದ ಗಾಳಿ ಊದಬೇಕು, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೊಬ್ಬ ನಿಂತಿರಬೇಕು. ಸೆಪ್ಟಿಕ್ ಟ್ಯಾಂಕಿನ ಗುಂಡಿಗಂತೂ ರಕ್ಷಣಾ ಸಲಕರಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. "ಪೈಪ್ ಕಟ್ಟಿದೆ, ಸ್ವಲ್ಪ ಇಳಿದು ನೋಡಪ್ಪಾ" ಎಂದು ಪ್ಲಂಬರಿಗೆ ಹೇಳುವ ಯಜಮಾನರು ಇದನ್ನು ಓದಲಿ.

ಹಾಗಾದರೆ ಯಾವುದು ಕಷ್ಟ? ಕಲಿಯುವುದಕ್ಕೆ ವೈರಿಂಗ್ ಕಷ್ಟ, ಗಣಿತ ಕಂಡರೆ ಬೆವರುವ ಹುಡುಗನನ್ನು ಬರೀ ಹೆಸರಿಗಾಗಿ ಅಲ್ಲಿಗೆ ತಳ್ಳಬೇಡಿ. ಮಾಡಿ ಮುಗಿಸಿ ಹೆಸರು ಉಳಿಸಿಕೊಳ್ಳುವುದಕ್ಕೆ ನಮ್ಮ ಈ ಬಿಸಿಲು, ಗಡಸು ನೀರು, ಎರಿಮಣ್ಣಿನಲ್ಲಿ ಪೈಪು ಕೆಲಸವೇ ಕಷ್ಟ. ಮಟ್ಟಗೋಲು ಹಿಡಿದರೆ ಕೈ ನಡುಗದ, ನಾಳೆ ಗೌಂಡಿ ಏನು ಮಾಡುತ್ತಾನೆಂದು ಇವತ್ತೇ ಯೋಚಿಸುವ ಹುಡುಗನಿಗೆ ಅದರಲ್ಲಿ ಅನ್ನವೂ ಇದೆ, ಮರ್ಯಾದೆಯೂ ಇದೆ. ಇಷ್ಟರಲ್ಲಿ ನಮ್ಮಿಬ್ಬರಿಗೆ ಒಮ್ಮತ. ಪ್ಲಂಬರ್ ಟ್ರೇಡನ್ನು ಎರಡು ವರ್ಷ ಮಾಡಬೇಕೆಂದು ನಮ್ಮಲ್ಲೊಬ್ಬರು, ಒಂದು ವರ್ಷ ಸಾಲಿ, ಒಂದು ವರ್ಷ ಒಳ್ಳೆಯ ಮೇಸ್ತ್ರಿಯ ಕೈಕೆಳಗೆ ಇರಲಿ ಎಂದು ಇನ್ನೊಬ್ಬರು.

ನಗರಸಭೆ, ಪುರಸಭೆಗಳಲ್ಲಿ ನಮ್ಮ ವಿನಂತಿ ಒಂದೇ. ವೈರಿಂಗಿಗೆ ಕೇಳುವಂತೆ ಪೈಪಿಗೂ ಒಂದು ಹಾಳೆ ಕೇಳಿ, ನಳದ ಸಂಪರ್ಕ ಕೊಡುವ ಮುನ್ನ. ಗಿಲಾವು ಮಾಡುವುದಕ್ಕೆ ಮೊದಲು ಎಲ್ಲ ಬಾಯಿಗೆ ಎಂಡ್ ಪ್ಲಗ್ ಹಾಕಿ, ತುದಿಯ ಒಂದು ಪ್ಲಗ್ ಸಡಿಲಿಸಿ ಗಾಳಿ ಪೂರ್ತಿ ಹೊರಬಿಟ್ಟು, ಕೈಪಂಪಿನಿಂದ ಐದಾರು ಕೆಜಿ ಒತ್ತಡ ಏರಿಸಿ ಎರಡು ತಾಸು ಬಿಡಬೇಕು. ಟ್ಯಾಂಕಿನ 0.3 ಕೆಜಿಯಲ್ಲಿ ಸುಮ್ಮನಿರುವ ಕೆಟ್ಟ ಜಾಯಿಂಟ್ ಐದು ಕೆಜಿಗೆ ಬಾಯಿ ಬಿಡುತ್ತದೆ. ಸಲ್ಯೂಷನ್ ಹಚ್ಚಿ ಒಂದು ಪೂರ್ತಿ ದಿನವಾಗಿರಬೇಕು. ಪರೀಕ್ಷೆಯನ್ನು ಬೆಳಿಗ್ಗೆ ಬೇಗ ಮಾಡಬೇಕು, ಬಿಸಿಲೇರಿದರೆ ಪೈಪು ಕಾದು ಒತ್ತಡದ ಮೀಟರಿನ ಮುಳ್ಳು ತಾನಾಗಿ ಓಡಾಡಿ ಸುಳ್ಳು ಹೇಳುತ್ತದೆ. ಹಾಳೆಯಲ್ಲಿ ದಿನಾಂಕ, ಶುರುವಿನ ಒತ್ತಡ, ಎರಡು ತಾಸಿನ ನಂತರದ ಒತ್ತಡ, ಪ್ಲಂಬರ್ ಮತ್ತು ಮನೆಯವರ ಸಹಿ. ಹಿಂದೆ ನಾಲ್ಕು ಫೋಟೊ ಅಂಟಿಸಿ, ಗೋಡೆಯ ಮೂಲೆಯಿಂದ ಪೈಪಿಗೆ ಟೇಪು ಹಿಡಿದು ಅಳತೆ ಕಾಣುವಂತೆ ತೆಗೆದದ್ದು. ಮುಂದೆ ಕನ್ನಡಿ ನೇತುಹಾಕಲು ಡ್ರಿಲ್ ಹಿಡಿದು ಬರುವವನಿಗೂ ಅದು ಬೇಕಾಗುತ್ತದೆ.

ಇಂತಿ,
ಐಟಿಐನ ಇಬ್ಬರು ನಿವೃತ್ತ ಕಿರಿಯ ತರಬೇತಿ ಅಧಿಕಾರಿಗಳು,
ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ವಿಭಾಗ,
ರಾಯಚೂರು